ಮೂವತ್ತೇಳನೇ ಕಂಬದ ಜೋಡಿ ದೀಪ

ಪಾಂಡವಪುರದಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಕ್ಕಿರುವ ಸೀಗೆಕೊಪ್ಪಲು ಗ್ರಾಮ ಪಂಚಾಯ್ತಿಯಲ್ಲಿ ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿಯಲ್ಲಿ ಒಟ್ಟು ನೂರ ಹನ್ನೆರಡು ಬೀದಿ ದೀಪದ ಕಂಬಗಳಿದ್ದು, ಸದರಿ ಕಂಬಗಳ ಪೈಕಿ ಒಂದರಲ್ಲೂ ದೀಪ ಉರಿಯುತ್ತಿರಲಿಲ್ಲ. ಈ ಬಗ್ಗೆ ಯಾರಿಂದಲೂ ಲಿಖಿತ ದೂರು ಬಂದಿರಲಿಲ್ಲವಾದ್ದರಿಂದ ಎಲ್ಲ ದೀಪಗಳೂ ಸುಸ್ಥಿತಿಯಲ್ಲಿವೆ ಎಂಬ ವರದಿ ತಿಂಗಳಿಗೊಮ್ಮೆ ಮೇಲಿನ ಕಚೇರಿಗೆ ಹೋಗುತ್ತಿತ್ತು. ಮೇಲಿನ ಕಚೇರಿ ಅದನ್ನು ಓದದೆ ಕಡತಕ್ಕೆ ಸೇರಿಸುತ್ತಿತ್ತು. ಎರಡೂ ಕಡೆಯವರು ತಮ್ಮ ತಮ್ಮ ಕರ್ತವ್ಯದಲ್ಲಿ ಲೋಪವೆಸಗಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಒಂದು ಸುತ್ತೋಲೆ ಬಂತು. ಪ್ರತಿಯೊಂದು ಬೀದಿ ದೀಪವನ್ನೂ ಉರಿಯುತ್ತಿರುವ ಸ್ಥಿತಿಯಲ್ಲಿ ಛಾಯಾಚಿತ್ರ ತೆಗೆಸಿ, ಮೂರು ಪ್ರತಿಗಳಲ್ಲಿ ಮಾರ್ಚ್ ಹದಿನೈದರೊಳಗೆ ಸಲ್ಲಿಸತಕ್ಕದ್ದು. ಕಂಬದ ಎತ್ತರದ ಅಂದಾಜು ಸಿಗುವ ಸಲುವಾಗಿ ಪಕ್ಕದಲ್ಲಿ ಸ್ಥಳೀಯ ನಿವಾಸಿಯೊಬ್ಬರು ನಿಂತಿರತಕ್ಕದ್ದು. ಸದರಿ ನಿವಾಸಿ ನಗತಕ್ಕದ್ದಲ್ಲ. ಛಾಯಾಚಿತ್ರವನ್ನು ಕಾರ್ಯದರ್ಶಿಯ ಸಮಕ್ಷಮ, ಕಚೇರಿಯ ವೇಳೆಯಲ್ಲಿ ಮಾತ್ರ ತೆಗೆಯತಕ್ಕದ್ದು. ಉರಿಯುತ್ತಿರುವ ದೀಪಗಳಿಗೆ ಹೊಸ ಬಲ್ಬು ಮಂಜೂರು ಮಾಡಲಾಗುವುದು. ಉರಿಯದ ದೀಪಗಳಿಗೆ ಬಲ್ಬಿನ ಅವಶ್ಯಕತೆ ಕಂಡುಬರುವುದಿಲ್ಲ.

ಈ ಸುತ್ತೋಲೆಯನ್ನು ಹಿಡಿದುಕೊಂಡು ಪಂಚಾಯ್ತಿ ಕಾರ್ಯದರ್ಶಿ ರವೀಂದ್ರ ಪಾಂಡವಪುರದ ಐದು ದೀಪದ ಸರ್ಕಲ್ಲಿನ ಹತ್ತಿರವಿದ್ದ ಲಕ್ಷ್ಮಣಾಚಾರಿಯ ಫೋಟೋ ಸ್ಟುಡಿಯೋಗೆ ಬಂದ.

ಲಕ್ಷ್ಮಣಾಚಾರಿ ಅಕ್ಕಸಾಲಿಗರ ಮನೆಯವನು. ಅಪ್ಪನ ಕಾಲಕ್ಕೆ ಮೂಗುಬೊಟ್ಟು, ಓಲೆ ಅಂತ ನಡೆಯುತ್ತಿದ್ದ ಕಸುಬು ರೆಡಿಮೇಡು ಒಡವೆ ಅಂಗಡಿಗಳು ಬಂದ ಮೇಲೆ ಮಲಗಿತು. ಹರಳು ಕೂರಿಸುತ್ತಿದ್ದ ಕೈ ಕ್ಯಾಮೆರಾ ಹಿಡಿಯಿತು. ಮದುವೆ ತಿಂಗಳು ಬಿಟ್ಟರೆ ಮಿಕ್ಕ ಕಾಲಕ್ಕೆಲ್ಲ ಪಾಸ್‌ಪೋರ್ಟ್ ಸೈಜಿನ ಮುಖಗಳೇ ಗತಿ. ಆದರೆ ನೆಗೆಟಿವ್ ಮೇಲೆ ಸಣ್ಣ ಕುಂಚ ಹಿಡಿದು ಟಚಿಂಗ್ ಮಾಡುವುದರಲ್ಲಿ ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸಿಡುಬಿನ ಕಲೆ ತೆಗೆದು ಗಂಡು ಕುದುರಿಸಿಕೊಟ್ಟಿದ್ದಾನೆ, ಸತ್ತವರ ಮುಚ್ಚಿದ ಕಣ್ಣು ತೆರೆಸಿ ಗೋಡೆಗೆ ಹಾಕಿಕೊಟ್ಟಿದ್ದಾನೆ ಅಂತ ಜನ ಹೇಳುತ್ತಿದ್ದರು. ಎರಡೂ ನಿಜವೇ.

ಸುತ್ತೋಲೆಯನ್ನು ಎರಡು ಸಲ ಓದಿ ಲಕ್ಷ್ಮಣಾಚಾರಿ ಕೇಳಿದ: "ಸಾರ್, ದೀಪದ ಫೋಟೋನ ಕತ್ಲಲ್ಲಿ ತಗಿಬೇಕಲ್ವಾ? ಹಗಲೊತ್ತು ತಗುದ್ರೆ ಏನ್ ಕಾಣ್ತದೆ?"

"ಕಚೇರಿ ವೇಳೆ ಅಂತ ಬರೆದಿದಾರಲ್ಲ ಆಚಾರ್ರೆ. ಹತ್ತೂವರೆಯಿಂದ ಐದೂವರೆ. ನಂಗೆ ಕೆ.ಆರ್. ಪೇಟೆಗೆ ನಾಕೂಮುಕ್ಕಾಲಕ್ಕೆ ಬಸ್ಸು. ಅದರಿಂದ ನಾಕು ಗಂಟೆಗೆಲ್ಲ ಕತ್ತಲೆ ಆಗಬೇಕು."

"ಅದೂ ಅಲ್ದೆ, ನಿಮ್ಮೂರಲ್ಲಿ ದೀಪವೇ ಉರಿಯಲ್ಲವಲ್ಲ ಸಾರ್?"

ರವೀಂದ್ರ ಅವನನ್ನು ಕರುಣೆಯಿಂದ ನೋಡಿದ. "ಹಗಲೊತ್ತು ಯಾವ ಊರಲ್ಲೂ ಉರಿಯಲ್ಲ. ಅಲ್ಲಿಗೆ ನಮ್ಮೂರು ಬೇರೆ ಊರಿಗಿಂತ ಏನೂ ಹಿಂದುಳಿದಿಲ್ಲ ಅಂತಾಯ್ತು."

ಒಳಗೆ ಡಾರ್ಕ್ ರೂಮಿನಲ್ಲಿ ಪ್ರಿಂಟು ತೊಳೆಯುತ್ತಿದ್ದ ಹೆಂಡತಿ ನಾಗಲಕ್ಷ್ಮಮ್ಮ ಪರದೆಯ ಸಂದಿಯಿಂದ ತಲೆ ಹಾಕಿದಳು. "ದೀಪ ಬರ್ಕೊಡಿ ಅಂತಾವ್ರೆ ಕಣ್ರೀ. ನೇರವಾಗಿ ಕೇಳಾಕೆ ಸಂಕೋಚ ಅವ್ರಿಗೆ."

ಕಾರ್ಯದರ್ಶಿ ಗೋಡೆಯ ಮೇಲಿದ್ದ ಮದುವೆ ಫೋಟೋವೊಂದನ್ನು ಆಸಕ್ತಿಯಿಂದ ನೋಡತೊಡಗಿದ. ಅವನು ಏನನ್ನೂ ಕೇಳಿಸಿಕೊಳ್ಳಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಮುಂದಿನ ಸೋಮವಾರ ಕೆಲಸ ಶುರುವಾಯಿತು. ಪಂಚಾಯ್ತಿ ಅಧ್ಯಕ್ಷ ಮರಿಸ್ವಾಮಿಗೌಡರು ಹಿಂದಿನ ದಿನವೇ ತಮಟೆ ಹೊಡೆಸಿ ಸಾರಿಸಿದ್ದರು: ನಿಮ್ಮ ನಿಮ್ಮ ಮನೆ ಮುಂದಿನ ಕಂಬದ ಪಕ್ಕದಲ್ಲಿ ತೊಳೆದ ಬಟ್ಟೆ ಹಾಕಿಕೊಂಡು ನಿಲ್ಲತಕ್ಕದ್ದು, ಎಮ್ಮೆಗಳನ್ನು ಕಂಬಕ್ಕೆ ಕಟ್ಟತಕ್ಕದ್ದಲ್ಲ. ಫೋಟೋ ಅಂದ ಮೇಲೆ ಜನ ಬಿಡುತ್ತಾರೆಯೇ? ಗಂಡಸರು ಮದುವೆಗೆ ಹೊಲಿಸಿದ ಪಂಚೆ ಶರಟು ತೆಗೆದರು. ಹೆಂಗಸರು ಹೂವು ಮುಡಿದರು. ಒಂದು ಕಂಬಕ್ಕೆ ಎರಡು ಮನೆಯವರು ಹಕ್ಕು ಸಾಧಿಸಿ, ಅಣ್ಣ ತಮ್ಮಂದಿರು ಹತ್ತು ವರ್ಷದ ಹಿಂದಿನ ಹಿಸ್ಸೆ ಜಗಳವನ್ನು ಕಂಬದ ಬುಡದಲ್ಲಿ ಮತ್ತೆ ತೆಗೆದರು. ಅಧ್ಯಕ್ಷರು ಹನ್ನೊಂದು ಕಂಬದ ಪಕ್ಕದಲ್ಲಿ ಹನ್ನೊಂದು ಬಣ್ಣದ ಶಲ್ಯ ಹೊದ್ದು ನಿಂತರು. ಮಾರ್ಚಿನ ಬಿಸಿಲು ನೆತ್ತಿ ಸುಡುತ್ತಿತ್ತು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು, ಸುತ್ತೋಲೆಯ ಪ್ರಕಾರ ನಗದೆ, ಕಂಬದಷ್ಟೇ ನೆಟ್ಟಗೆ ನಿಂತರು.

ಮೂರನೆಯ ದಿನ ಮೂವತ್ತೇಳನೇ ಕಂಬ ಬಂತು. ಅದು ಹಾಲಿನ ಡೇರಿಗೆ ಹೋಗುವ ಓಣಿಯಲ್ಲಿತ್ತು. ಕಂಬದ ಬುಡಕ್ಕೇ ಚರಂಡಿ, ಚರಂಡಿಯ ಮೇಲಿನ ಚಪ್ಪಡಿ ಒಡೆದು ವರ್ಷವಾಗಿತ್ತು. ಆ ಓಣಿಯ ಸೋಮಮ್ಮ ಎರಡು ಹಸು ಇಟ್ಟುಕೊಂಡು, ಕೋಳಿ ಕೂಗೋ ಹೊತ್ತಿಗೆ ಕ್ಯಾನು ಹೊತ್ತು ಡೇರಿಗೆ ಹೋಗುವವಳು. ಲಾಟೀನು ಗಾಳಿಗೆ ಆರಿ, ಹದಿನೈದು ದಿನದ ಹಿಂದೆ ಅದೇ ಚರಂಡಿಗೆ ಬಿದ್ದು ಎಡಗೈ ಮುರಿದುಕೊಂಡಿದ್ದಳು. ಕೈಗೆ ಬಿದಿರ ದಬ್ಬೆ ಕಟ್ಟಿತ್ತು. ತೊಳೆದ ಬಟ್ಟೆ ಹಾಕಿರಲಿಲ್ಲ, ಹೂವೂ ಮುಡಿದಿರಲಿಲ್ಲ.

"ನಾನೇ ನಿಂತ್ಕತೀನಿ ಬುಡು," ಅಂದಳು. "ಆದ್ರೆ ಆಚಾರಪ್ಪ, ಈ ದೀಪ ಉರಿಯಾಕಿಲ್ಲ. ನಾನು ಬಿದ್ದಿದ್ದೇ ಅದ್ಕೆ. ಉರೀತದೆ ಅಂತ ನಿನ್ ಮಿಸಿನ್ನು ಸುಳ್ ಹೇಳ್ಬಾರ್ದು."

"ಮಿಸಿನ್ನು ಸುಳ್ ಹೇಳಾಕಿಲ್ಲ ಸೋಮಕ್ಕ," ಅಂದ ಲಕ್ಷ್ಮಣಾಚಾರಿ. ಸುಳ್ಳು ಹೇಳುವುದು ಆಮೇಲಿನ ಕೆಲಸ ಎಂಬುದನ್ನು ಹೇಳಲಿಲ್ಲ.

ಆ ವಾರವಿಡೀ ಸ್ಟುಡಿಯೋದಲ್ಲಿ ಕೆಲಸ ನಡೆಯಿತು. ನೆಗೆಟಿವ್ ಮೇಲೆ ಕಪ್ಪು ಇಟ್ಟರೆ ಪ್ರಿಂಟಿನಲ್ಲಿ ಬೆಳಕಾಗುತ್ತದೆ. ಅದು ಆ ಕಸುಬಿನ ನಿಯಮ. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕುಂಚದ ತುದಿಯಿಂದ ಕಪ್ಪು ಇಟ್ಟು, ಸುತ್ತ ತೆಳ್ಳಗೆ ಹರಡಿದರೆ ದೀಪ ಹತ್ತಿಕೊಳ್ಳುತ್ತಿತ್ತು. ಪ್ರಿಂಟು ಹಾಕುವಾಗ ಮೇಲಿನ ಅರ್ಧಕ್ಕೆ ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಮಟಮಟ ಮಧ್ಯಾಹ್ನದ ಆಕಾಶ ಕಪ್ಪಾಗುತ್ತಿತ್ತು. ಹೀಗೆ ನೂರ ಹನ್ನೊಂದು ಕಡೆ ರಾತ್ರಿಯಾಗಿ, ನೂರ ಹನ್ನೊಂದು ದೀಪ ಹತ್ತಿದವು. ಮೂವತ್ತೇಳನೆಯದು ಕೈಗೆ ಬಂದಾಗ ಲಕ್ಷ್ಮಣಾಚಾರಿ ಕುಂಚ ಎತ್ತಿದ, ಇಳಿಸಿದ. ಸೋಮಮ್ಮ ನೆಗೆಟಿವ್‌ನಲ್ಲಿ ಕಪ್ಪು ಮುಖ, ಬಿಳಿ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದಳು.

"ಇದೊಂದು ಇಂಗೇ ಇರ್ಲಿ ಬುಡೆ," ಅಂದ ಹೆಂಡತಿಗೆ. "ನೂರ ಹನ್ನೊಂದು ಸುಳ್ಳಿನ ಪಕ್ಕ ಒಂದು ನಿಜ ಇದ್ರೆ ಏನಾಯ್ತದೆ."

"ನಿಜಾನೇ ಸಿಕ್ಕಾಕ್ಕತದೆ," ಅಂದಳು ನಾಗಲಕ್ಷ್ಮಮ್ಮ.

ಹಾಗೇ ಆಯಿತು. ಮೇಲಿನ ಕಚೇರಿಯ ತಪಾಸಣಾಧಿಕಾರಿಗಳು ನೂರ ಹನ್ನೊಂದು ಚಿತ್ರಗಳನ್ನು ಬಹಳವಾಗಿ ಮೆಚ್ಚಿಕೊಂಡು, 'ದೀಪಗಳ ಪ್ರಖರತೆ ಎಷ್ಟಿದೆಯೆಂದರೆ ನಿವಾಸಿಗಳು ಕಣ್ಣು ಬಿಡಲಾರದೆ ನಿಂತಿರುವುದು ಸ್ಪಷ್ಟವಾಗಿ ಕಂಡುಬರುತ್ತದೆ' ಎಂದು ಸ್ವಹಸ್ತದಿಂದ ಷರಾ ಬರೆದರು. ಒಬ್ಬ ಮುದುಕ ರಾತ್ರಿ ಹೊತ್ತಿನಲ್ಲಿ ಛತ್ರಿ ಹಿಡಿದು ನಿಂತಿದ್ದಕ್ಕೂ ಅದೇ ಕಾರಣ ಕೊಟ್ಟರು. ಮೂವತ್ತೇಳನೇ ಚಿತ್ರ ಮಾತ್ರ ಕೆಂಪು ಶಾಯಿಯ ಆಕ್ಷೇಪಣೆಯೊಂದಿಗೆ ವಾಪಸು ಬಂತು: 'ಛಾಯಾಚಿತ್ರ ದೋಷಪೂರಿತವಾಗಿದೆ. ದೀಪ ಕಾಣುತ್ತಿಲ್ಲ. ಸರಿಪಡಿಸಿ ಸಲ್ಲಿಸುವುದು.'

ಲಕ್ಷ್ಮಣಾಚಾರಿಯನ್ನು ಪಂಚಾಯ್ತಿ ಕಚೇರಿಗೆ ಕರೆಸಿದರು.

"ಏನ್ಲಾ ಆಚಾರಿ, ಒಂದು ಕಂಬಕ್ಕೋಸ್ಕರ ಊರ್ ಮಾನ ಕಳೀತಿಯಾ?" ಅಂದರು ಮರಿಸ್ವಾಮಿಗೌಡರು.

"ಗೌಡ್ರೆ, ಅಲ್ಲಿ ಬಲ್ಬೇ ಇಲ್ಲ. ಒಂದು ಬಲ್ಬು ಹಾಕ್ಸ್‌ಬುಡಿ. ಆಗ ನಾನು ಎಲ್ಲಿಂದ ಬೇಕಾದ್ರೂ ನಿಜವಾದ್ ಫೋಟೋನೇ ತೆಕ್ಕೊಡ್ತೀನಿ."

ರವೀಂದ್ರ ಕಡತ ತಿರುವಿ ಬೆರಳಿಟ್ಟು ತೋರಿಸಿದ. "ದೀಪ ಕೆಟ್ಟಿದೆ ಅಂತ ಎಲ್ಲಿ ಬರೆದಿದಾರೆ, ನೀವೇ ನೋಡಿ. ಕೆಟ್ಟಿರೋದು ಫೋಟೋ. ಫೋಟೋ ರಿಪೇರಿಗೆ ಅವಕಾಶ ಇದೆ. ಕೆಡದೆ ಇರೋ ದೀಪಾನ ರಿಪೇರಿ ಮಾಡಿಸಿದರೆ ಅದು ದುರ್ಬಳಕೆ ಆಗುತ್ತೆ. ನನ್ನ ಮೇಲೆ ಆಡಿಟ್ಟು ಬರುತ್ತೆ."

"ಇವತ್ತು ಸಂಜೆ ಒಳಗೆ ಮಾಡ್ಕೊಡ್ಲಿಲ್ಲ ಅಂದ್ರೆ ಮಿಕ್ಕಿದ ಫೋಟೋ ಬಿಲ್ಲೂ ಪಾಸಾಗಲ್ಲ ಕಣ್ಲಾ," ಅಂದು ಅಧ್ಯಕ್ಷರು ಎದ್ದರು.

ಲಕ್ಷ್ಮಣಾಚಾರಿ ಸ್ಟುಡಿಯೋಗೆ ಬಂದು ಮೂವತ್ತೇಳನೇ ನೆಗೆಟಿವ್ ಹುಡುಕಿ ತೆಗೆದ. ಆಮೇಲೆ ಕುಂಚ ತೆಗೆದುಕೊಂಡ. ಸೋಮಮ್ಮನಿಗೆ ಮೋಸ ಮಾಡುತ್ತಿದ್ದೇನೆ ಎಂಬ ಸಂಕಟಕ್ಕೋ ಏನೋ, ಬರೆಯುವುದೇ ಆದರೆ ಅವಳಿಗೆ ಊರಿನಲ್ಲೇ ಒಳ್ಳೆಯ ದೀಪ ಬರೆಯೋಣ ಅನ್ನಿಸಿತು. ಒಂದರ ಬದಲು ಎರಡು ದೀಪ ಇಟ್ಟ. ಎರಡಕ್ಕೂ ಬಾಗಿದ ಕೈ, ಕೈಯ ತುದಿಗೆ ಹೂವಿನಂಥ ಟೋಪಿ. ಅಪ್ಪ ಒಂದು ಕಾಲದಲ್ಲಿ ಜುಮಕಿಗೆ ಮಾಡುತ್ತಿದ್ದ ಕುಸುರಿ ಅದು. ಒಡೆದ ಚಪ್ಪಡಿಯನ್ನೂ ಸೇರಿಸಿಬಿಟ್ಟ. ಪ್ರಿಂಟು ಒಣಗಿದ ಮೇಲೆ ನೋಡಿದರೆ ಸೋಮಮ್ಮ ದಬ್ಬೆ ಕಟ್ಟಿದ ಕೈ ಇಟ್ಟುಕೊಂಡು ಅರಮನೆಯ ಮುಂದೆ ನಿಂತಂತಿತ್ತು.

ಏಪ್ರಿಲ್ ತಿಂಗಳಲ್ಲಿ ಸೀಗೆಕೊಪ್ಪಲನ್ನು 'ಸಂಪೂರ್ಣ ಬೆಳಕಿನ ಗ್ರಾಮ' ಎಂದು ಘೋಷಿಸಲಾಯಿತು. ಅಧ್ಯಕ್ಷರಿಗೆ ಹಾರ, ಕಾರ್ಯದರ್ಶಿಗೆ ಪ್ರಶಂಸಾ ಪತ್ರ. ಸುತ್ತೋಲೆಯಲ್ಲಿ ಹೇಳಿದ ಹೊಸ ಬಲ್ಬುಗಳೂ ಮಂಜೂರಾಗಿ ಬಂದವು. ಉರಿಯುತ್ತಿರುವ ದೀಪ ತೆಗೆದು ಹೊಸದು ಹಾಕುವುದು ವ್ಯರ್ಥವೆಂದು ಸಭೆಯಲ್ಲಿ ಒಮ್ಮತದಿಂದ ತೀರ್ಮಾನಿಸಿ, ಅವನ್ನು ಅಧ್ಯಕ್ಷರ ಅಳಿಯನ ಕಲ್ಯಾಣ ಮಂಟಪದಲ್ಲಿ ಸುರಕ್ಷಿತವಾಗಿ, ಹೋಲ್ಡರುಗಳಿಗೆ ಹಾಕಿ ಇಡಲಾಯಿತು.

ಇಷ್ಟಕ್ಕೇ ನಿಂತಿದ್ದರೆ ಲಕ್ಷ್ಮಣಾಚಾರಿ ಮರೆತುಬಿಡುತ್ತಿದ್ದ. ಆದರೆ ಮೇ ತಿಂಗಳಲ್ಲಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಕೊಂಡಿತು: 'ಈ ಗ್ರಾಮವು ಸಂಪೂರ್ಣ ಬೆಳಕಿನ ಗ್ರಾಮವಾಗಿರುವ ಪ್ರಯುಕ್ತ ಸೀಮೆಎಣ್ಣೆಯ ಹಂಚಿಕೆಯನ್ನು ಶೂನ್ಯಕ್ಕೆ ಹೆಚ್ಚಿಸಲಾಗಿದೆ.' ಹೆಚ್ಚಿಸಲಾಗಿದೆ ಎಂಬುದು ಕೈತಪ್ಪಿರಬಹುದೆಂದು ಕೆಲವರು ಕೇಳಿದರು. ಅಂಗಡಿಯವನು, ಮೇಲಿಂದ ಹಂಗೇ ಬಂದದೆ ಅಂದ.

ಒಂದು ದಿನ ಮಧ್ಯಾಹ್ನ ಸೋಮಮ್ಮ ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದಳು. ಸ್ಟುಡಿಯೋದ ಮೇಜಿನ ಮೇಲೆ ಖಾಲಿ ಸೀಮೆಎಣ್ಣೆ ಡಬ್ಬ ಇಟ್ಟಳು.

"ತಕ್ಕೊ. ಇದಕ್ಕೆ ವಸಿ ಫೋಟೋ ಸುರಿ."

ಲಕ್ಷ್ಮಣಾಚಾರಿ ಡಬ್ಬ ಎತ್ತಿ ಅಲ್ಲಾಡಿಸಿ, ಕೆಳಗಿಟ್ಟ.

"ಮೊದ್ಲು ಬೀದೀಲಿ ದೀಪ ಇರ್ಲಿಲ್ಲ, ಕೈಯಾಗೆ ಲಾಟೀನಾದ್ರೂ ಇತ್ತು. ನೀನು ಬೀದಿಗೆ ದೀಪ ಹಚ್ಚಿದ್ದೇ ಹಚ್ಚಿದ್ದು, ಕೈಯಾಗಿಂದೂ ಆರೋಯ್ತು. ಈಗ ಗೋಡೆ ಹಿಡ್ಕಂಡು ಓಗ್ತಾ ಇವ್ನಿ. ಇನ್ನೊಂದ್ ಕೈ ಮುರೀವರ್ಗೂ ಓಗ್ತೀನಿ, ಆಮೇಕೆ ಹಸಾ ಮಾರ್ತೀನಿ." ಡಬ್ಬವನ್ನು ಮತ್ತೆ ಕೈಗೆ ತೆಗೆದುಕೊಂಡಳು. "ನಿಮ್ಮಪ್ಪ ನಮ್ಮವ್ವಂಗೆ ಓಲೆ ಮಾಡ್ಕೊಟ್ಟಿದ್ರು ಕಣಪ್ಪ. ಕಲಬೆರಕೆ ಮಾಡ್ದೋರಲ್ಲ."

ಅವಳು ಹೋದ ಮೇಲೆ ಲಕ್ಷ್ಮಣಾಚಾರಿ ಚಪ್ಪಲಿ ಮೆಟ್ಟಿಕೊಂಡು ಎದುರಿನ ಅಂಗಡಿಗೆ ಹೋಗಿ ನೂರು ಕ್ಯಾಂಡಲಿನ ಒಂದು ಬಲ್ಬು, ಒಂದು ಹೋಲ್ಡರು, ನಾಲ್ಕು ಗಜ ವೈರು ತಂದ. ಲೈನ್‌ಮನ್ ತಮ್ಮಯ್ಯನನ್ನು ಕಂಡು ಕೈ ಹಿಡಿದುಕೊಂಡ.

"ನಾನು ಈ ಲೈನಲ್ಲಿ ಹದ್ನಾರು ವರ್ಸದಿಂದ ಇವ್ನಿ ಆಚಾರ್ರೆ," ಅಂದ ತಮ್ಮಯ್ಯ. "ಬಲ್ಬು ಹಾಕು ಅಂತ ಬಲ್ಬು ಕೊಟ್ಟೋರು ನೀವೇ ಮೊದಲು." ಅವತ್ತೇ ಏಣಿ ಹೊತ್ತು ಬಂದ. ಆ ಕಂಬಕ್ಕೆ ಸ್ವಿಚ್ಚು ಇರಲಿಲ್ಲವಾದ್ದರಿಂದ ನೇರ ಕೊಟ್ಟುಬಿಟ್ಟ. ಕರೆಂಟು ಇರುವಷ್ಟು ಹೊತ್ತೂ, ಹಗಲು ರಾತ್ರಿ ಎನ್ನದೆ ಅದು ಉರಿಯತೊಡಗಿತು.

ಹನ್ನೆರಡು ದಿನ ಆ ಓಣಿಯಲ್ಲಿ ಬೆಳಕಿತ್ತು. ಮೊದಲ ಸಂಜೆ ಲಕ್ಷ್ಮಣಾಚಾರಿ ನೋಡಲು ಬಂದಾಗ ಕಂಬದ ಕೆಳಗೆ ಚೌಕಾಬಾರ ಆಡುವವರು, ಕಡಲೆಕಾಯಿ ಸುಲಿಯುವವರು, ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತವರು ಸೇರಿ ಜಾಗವೇ ಇರಲಿಲ್ಲ. ಸೋಮಮ್ಮ ಅವನಿಗೆ ಒಂದು ಲೋಟ ಹಾಲು ತಂದು ಕೊಟ್ಟಳು. "ಈಗ ನೋಡು, ಇದು ದೀಪ," ಅಂದಳು. ಲಕ್ಷ್ಮಣಾಚಾರಿಗೆ ತಾನು ಬರೆದ ಜೋಡಿ ದೀಪಕ್ಕಿಂತ ಈ ಬೋಳು ಬಲ್ಬು ಚೆನ್ನಾಗಿದೆ ಅನ್ನಿಸಿ, ಕಸುಬುದಾರನಾದ ಅವನಿಗೆ ಒಳಗೆ ಸ್ವಲ್ಪ ನೋವೂ ಆಯಿತು.

ಹದಿಮೂರನೆಯ ದಿನ, ಬೆಳಕಿನ ಗ್ರಾಮದ ಮೊದಲ ತಪಾಸಣೆಗಾಗಿ ಮೇಲಿನ ಕಚೇರಿಯ ಅದೇ ಅಧಿಕಾರಿಗಳು ಜೀಪಿನಲ್ಲಿ ಬಂದರು. ಹಗಲು ಹನ್ನೆರಡು ಗಂಟೆ. ನೂರ ಹನ್ನೊಂದು ಕಂಬಗಳಲ್ಲಿ ದೀಪ ಉರಿಯುತ್ತಿರಲಿಲ್ಲ. ಹಗಲಾದ್ದರಿಂದ ಅದು ಕ್ರಮಬದ್ಧವಾಗಿತ್ತು. ಮೂವತ್ತೇಳನೆಯದು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಉರಿಯುತ್ತಿತ್ತು. ಅಧಿಕಾರಿಗಳು ಜೀಪು ನಿಲ್ಲಿಸಿ ಕಡತ ತೆಗೆಸಿದರು. ಚಿತ್ರ ನೋಡಿದರು. ಕಂಬ ನೋಡಿದರು. ಮತ್ತೆ ಚಿತ್ರ ನೋಡಿದರು.

"ದಾಖಲೆ ಪ್ರಕಾರ ಇಲ್ಲಿ ಜೋಡಿ ದೀಪ. ಬಾಗಿದ ಕೈ, ಹೂವಿನ ಟೋಪಿ ಸಮೇತ. ಸ್ಥಳದಲ್ಲಿ ಇರೋದು ಒಂದು ಬೋಳು ಬಲ್ಬು. ಸರ್ಕಾರದ ಜೋಡಿ ದೀಪ ಎಲ್ಲಿ?"

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು.

"ಚರಂಡಿ ಚಪ್ಪಡೀನೂ ಇಲ್ಲ," ಅಂದರು ಅಧಿಕಾರಿಗಳು, ಬಗ್ಗಿ ನೋಡಿ. "ದೊಡ್ಡ ಕಳ್ಳತನ."

ತಮ್ಮಯ್ಯನನ್ನು ಕೇಳಿದಾಗ ಬಲ್ಬು ಹಾಕಿಸಿದವರು ಆಚಾರ್ರು ಅಂತ ಬಾಯಿಬಿಟ್ಟ. ಬೆಲೆಬಾಳುವ ಜೋಡಿ ದೀಪ ಕದ್ದು, ಸುಳಿವು ಸಿಗದಿರಲಿ ಅಂತ ಅದರ ಜಾಗದಲ್ಲಿ ಅಗ್ಗದ ಬಲ್ಬು ಸಿಕ್ಕಿಸಿದ್ದಾನೆ ಎಂಬುದು ಅಧಿಕಾರಿಗಳಿಗೆ ಅಲ್ಲೇ ನಿಚ್ಚಳವಾಯಿತು. ಸಂಜೆಯೊಳಗೆ ಮಾಲು ಸಿಗದಿದ್ದರೆ ಪೊಲೀಸಿಗೆ ಬರೆಯುವುದಾಗಿ ಹೇಳಿದರು. ಲಕ್ಷ್ಮಣಾಚಾರಿಯನ್ನು ಪಂಚಾಯ್ತಿ ಕಚೇರಿಗೆ ಹಿಡಿದು ತಂದರು. ಅವನ ಮನೆತನದಲ್ಲಿ ಯಾರ ಮೇಲೂ ಒಂದು ಗುಲಗಂಜಿ ಚಿನ್ನ ಕದ್ದ ಆರೋಪ ಬಂದಿರಲಿಲ್ಲ.

"ಸ್ವಾಮಿ, ಆ ಜೋಡಿ ದೀಪ ಇರ್ಲೇ ಇಲ್ಲ. ಅದನ್ನ ನಾನೇ ಬರ್ದಿದ್ದು," ಅಂದ.

"ಬರೆದಿದ್ದು?"

"ಕುಂಚದಲ್ಲಿ. ಇಷ್ಟೇ ಇಷ್ಟು ಕಪ್ಪಿಟ್ಟು."

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ಮಿಕ್ಕ ನೂರ ಹನ್ನೊಂದು?"

ಅಧ್ಯಕ್ಷರು ಕಿಟಕಿಯಾಚೆ ನೋಡಿದರು. ಕಾರ್ಯದರ್ಶಿ ಬಸ್ಸಿನ ಹೊತ್ತಾಯಿತೆಂಬಂತೆ ಗಡಿಯಾರ ನೋಡಿದ. ಅಧಿಕಾರಿಗಳು ಕಡತ ತೆಗೆದು ನಿಧಾನವಾಗಿ ತಿರುವಿದರು. ಪ್ರಖರತೆಯ ಬಗ್ಗೆ, ಕಿರಿದಾದ ಕಣ್ಣುಗಳ ಬಗ್ಗೆ, ಛತ್ರಿಯ ಬಗ್ಗೆ ತಾವೇ ಬರೆದ ಷರಾ ಅವರ ಕಣ್ಣಿಗೆ ಬಿತ್ತು. ಕೆಳಗೆ ತಮ್ಮದೇ ಸಹಿ. ಕಡತವನ್ನು ಅಷ್ಟೇ ನಿಧಾನವಾಗಿ ಮುಚ್ಚಿದರು.

"ನೀವು ಈಗ ಹೇಳಿದ್ದನ್ನು ನಾನು ಕೇಳಿಸಿಕೊಂಡಿಲ್ಲ," ಅಂದರು. "ನೋಡಿ ಆಚಾರ್ರೆ, ನೀವು ಮರ್ಯಾದಸ್ಥರ ಹಾಗೆ ಕಾಣ್ತೀರಿ. ಕದ್ದ ಮಾಲು ವಾಪಸು ಬಂದರೆ ಕೇಸು ಬೇಡ."

"ಇಲ್ದೇ ಇರೋದ್ನ ಎಂಗ್ ಸ್ವಾಮಿ ವಾಪಸ್ ತರದು?"

"ಹೇಗೆ ತಂದಿದ್ದಿರೋ ಹಾಗೇ."

ಮರಿಸ್ವಾಮಿಗೌಡರು ಲಕ್ಷ್ಮಣಾಚಾರಿಯ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಬಂದರು. "ಒಪ್ಕೊಂಡ್‌ಬುಡು ಕಣ್ಲಾ. ಕದ್ದೆ ಅಂದ್ರೆ ನೀನೊಬ್ನೇ ಕೆಟ್ಟೋನು, ಅದೂ ಸಂಜೆವರ್ಗೂ. ಬರ್ದೆ ಅಂದ್ರೆ ಊರ್ಗೂರೇ ಕತ್ಲು."

ಮೊದಲು ಅನಧಿಕೃತ ಬಲ್ಬನ್ನು ತೆರವುಗೊಳಿಸಬೇಕಾಗಿತ್ತು. ತಮ್ಮಯ್ಯ ಏಣಿ ಹತ್ತುತ್ತಿದ್ದಂತೆ ಸೋಮಮ್ಮ ಬಂದು ಏಣಿಯ ಕಾಲು ಹಿಡಿದಳು. "ಉರೀತಾ ಇರೋ ದೀಪಾನ ಯಾಕಪ್ಪ ಕೀಳ್ತೀರಿ? ನಿಮ್ಮನೆ ಗಂಟೇನು ಓಯ್ತಾ ಅದೆ?"

ಅಧಿಕಾರಿಗಳು ತಾವೇ ಮುಂದೆ ಬಂದು ವಿನಯದಿಂದ ಹೇಳಿದರು: "ಅಮ್ಮಾ, ಸರ್ಕಾರ ನಿಮಗೆ ಎರಡು ದೀಪ ಕೊಟ್ಟಿದೆ. ಯಾರೋ ಒಂದು ಬೋಳು ಬಲ್ಬು ಹಾಕಿದರೆ ಅಷ್ಟಕ್ಕೇ ತೃಪ್ತರಾಗಬಾರದು. ನಿಮ್ಮ ಹಕ್ಕು ಉಳಿಸೋದಕ್ಕೇ ನಾವು ಇದನ್ನು ಕೀಳಿಸ್ತಾ ಇರೋದು."

ಸೋಮಮ್ಮ ಲಕ್ಷ್ಮಣಾಚಾರಿಯ ಕಡೆ ತಿರುಗಿದಳು. ಅವನು ಹೇಳುತ್ತಾನೆ ಅಂತ ಕಾದಳು. ಅವನ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ, ಸುತ್ತ ಊರ ಜನ. ಹನ್ನೆರಡು ದಿನ ಆ ಬೆಳಕಿನಲ್ಲಿ ಚೌಕಾಬಾರ ಆಡಿದವರೂ ಅಲ್ಲೇ ಇದ್ದರು. ಕಳ್ಳನ ದೀಪ ಎಂದು ಗೊತ್ತಿದ್ದರೆ ಅತ್ತ ತಲೆಯಿಟ್ಟೂ ಮಲಗುತ್ತಿರಲಿಲ್ಲ ಎನ್ನುತ್ತಿದ್ದರು. ಲಕ್ಷ್ಮಣಾಚಾರಿ ಕ್ಯಾಮೆರಾದ ಚೀಲದ ಗುಂಡಿ ಬಿಚ್ಚಿದ, ಹಾಕಿದ.

"ಕಿತ್ಕೊಳ್ಲಿ ಬುಡಿ ಸೋಮಕ್ಕ," ಅಂದ. "ಜೋಡಿ ದೀಪ ಸಾಯಂಕಾಲದ ಒಳಗೆ ಬತ್ತದೆ."

ಸೋಮಮ್ಮ ಏಣಿ ಬಿಟ್ಟಳು.

ಬೋಳು ಕಂಬದ ಫೋಟೋ ತೆಗೆದ ಲಕ್ಷ್ಮಣಾಚಾರಿ ಪಾಂಡವಪುರಕ್ಕೆ ಹೋಗಿ, ಮೂರು ಗಂಟೆಯ ಹೊತ್ತಿಗೆ ಕದ್ದ ಮಾಲನ್ನು ಪೂರ್ತಿ ಸಿದ್ಧಪಡಿಸಿಕೊಂಡು ಬಂದ. ಅಧಿಕಾರಿಗಳು ಭೂತಗನ್ನಡಿ ಹಿಡಿದು ಪರಿಶೀಲಿಸಿದರು. ದೀಪ ಎರಡು, ಬಾಗಿದ ಕೈ ಎರಡು, ಟೋಪಿ ಎರಡು, ಚಪ್ಪಡಿ ಒಂದು. ಎಲ್ಲ ಸರಿಯಿದೆ ಎಂದು ಸ್ವೀಕೃತಿ ಪತ್ರ ಬರೆದುಕೊಟ್ಟರು. ಸರ್ಕಾರಿ ಸ್ವತ್ತನ್ನು ಸ್ವಯಂಪ್ರೇರಣೆಯಿಂದ ಹಿಂತಿರುಗಿಸಿದ ಲಕ್ಷ್ಮಣಾಚಾರಿಯ ಪ್ರಾಮಾಣಿಕತೆಯನ್ನು ಮೆಚ್ಚಿ ನಾಲ್ಕು ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಜಪ್ತಿ ಮಾಡಿದ ಬಲ್ಬನ್ನು ಸಾಕ್ಷ್ಯವಾಗಿ ಕಾರ್ಯದರ್ಶಿಯ ಕೊಠಡಿಯಲ್ಲಿ ಇಡಲಾಯಿತು. ಸಾಕ್ಷ್ಯವು ಕೆಡದೆ ಇದೆಯೇ ಎಂದು ತಿಳಿಯಲು ಅದನ್ನು ಪ್ರತಿದಿನ ಕಚೇರಿಯ ವೇಳೆಯಲ್ಲಿ ಉರಿಸತಕ್ಕದ್ದೆಂದು ಆದೇಶವಾಯಿತು.

ಅಂದು ಮನೆಗೆ ಬಂದು ಲಕ್ಷ್ಮಣಾಚಾರಿ ಊಟ ಬೇಡ ಅಂದ. ನಾಗಲಕ್ಷ್ಮಮ್ಮ ತಟ್ಟೆ ಹಾಕಿ ಎದುರಿಗೆ ಕೂತಳು. "ಕದ್ದೆ ಅಂತ ಒಪ್ಕೊಂಡ್ರಂತೆ?"

"ಊಂ."

"ಕದ್ದಿರೋದು ನಿಜ ಕಣ್ರೀ," ಅಂದಳು. "ಆ ಹೆಂಗ್ಸಿನ ಬಲ್ಬು."

ಅವನು ಮುದ್ದೆ ಮುರಿದ.

ಜೂನ್ ತಿಂಗಳ ಸಾಮಾನ್ಯ ಸಭೆಯಲ್ಲಿ ಪಂಚಾಯ್ತಿ ಒಂದು ನಿರ್ಣಯ ಅಂಗೀಕರಿಸಿತು. ಲೈನ್‌ಮನ್ ಹದಿನಾರು ವರ್ಷದಲ್ಲಿ ಒಂದು ದೀಪವನ್ನೂ ಉರಿಸಿಲ್ಲ. ಅವನು ಉರಿಸಿದ ಒಂದೇ ಒಂದು ದೀಪ ಕಾನೂನುಬಾಹಿರವಾಗಿತ್ತು. ಛಾಯಾಗ್ರಾಹಕ ಒಂದೇ ವಾರದಲ್ಲಿ ನೂರ ಹನ್ನೆರಡು ಕಂಬಗಳಿಗೆ ನೂರ ಹದಿಮೂರು ದೀಪ ಒದಗಿಸಿದ್ದಾನೆ. ಆದ್ದರಿಂದ ಬೀದಿ ದೀಪಗಳ ನಿರ್ವಹಣೆಯನ್ನು ಸದರಿ ಲಕ್ಷ್ಮಣಾಚಾರಿಯ ಸ್ಟುಡಿಯೋಗೆ ವಹಿಸಲಾಗಿದೆ, ಸಾರ್ವಜನಿಕರು ದೂರುಗಳನ್ನು ಅಲ್ಲಿಯೇ ದಾಖಲಿಸತಕ್ಕದ್ದು. ಈ ವ್ಯವಸ್ಥೆಯ ವಿಷಯ ಕೇಳಿ ಬಾಬುರಾಯನಕೊಪ್ಪಲಿನಿಂದ, ನಾಗಮಂಗಲದ ಕಡೆಯಿಂದ ಕೂಡ ಜನ ವಿಚಾರಿಸಿಕೊಂಡು ಹೋದರು.

ಮೊದಮೊದಲು ಜನ ಸಂಕೋಚಪಟ್ಟರು. ಆಮೇಲೆ ರೂಢಿಯಾಯಿತು. ಸಂತೆಯ ದಿನ ಸ್ಟುಡಿಯೋ ಮುಂದೆ ಸಾಲು ನಿಲ್ಲತೊಡಗಿತು. "ಆಚಾರ್ರೆ, ನಮ್ ಕಂಬದ್ದು ವಸಿ ಮಂಕಾದಂಗದೆ" ಅಂತ ಒಬ್ಬರು, "ಪಕ್ಕದ್ಮನೆಯೋರ್ದು ನಮ್ದಕ್ಕಿಂತ ಜಾಸ್ತಿ ಉರೀತದೆ, ಇದ್ಯಾವ ನ್ಯಾಯ" ಅಂತ ಇನ್ನೊಬ್ಬರು. ಲಕ್ಷ್ಮಣಾಚಾರಿ ರಿಜಿಸ್ಟರಿನಲ್ಲಿ ಬರೆದುಕೊಂಡು, ಪ್ರಿಂಟು ತೆಗೆದು, ಅವರ ಎದುರಿಗೇ ಸರಿಮಾಡಿ ಕೊಡುತ್ತಿದ್ದ. ಜನ ನೋಡಿ, ಈಗ ಪರವಾಗಿಲ್ಲ ಅಂದು ರುಜು ಹಾಕುತ್ತಿದ್ದರು. ಆರ್ಡರು ಹೆಚ್ಚಾಗಿ, ಹೊಸ ಕುಂಚಗಳನ್ನೂ ತರಿಸಿದ್ದ.

ಆಷಾಢದ ಒಂದು ಸಂತೆಯ ದಿನ ಸಾಲಿನಲ್ಲಿ ಸೋಮಮ್ಮ ನಿಂತಿದ್ದಳು. ದಬ್ಬೆ ಬಿಚ್ಚಿತ್ತು, ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಅವಳ ಸರದಿ ಬಂದಾಗ ಲಕ್ಷ್ಮಣಾಚಾರಿ ಕುಂಚ ಕೆಳಗಿಟ್ಟ. ಬೈಯಲಿ, ಮುಖಕ್ಕೆ ಉಗಿಯಲಿ, ಇಷ್ಟು ಜನರ ಮುಂದೆ ಒಂದು ಸಲ ಆಗಿಹೋಗಲಿ ಅಂತ ಕಾದ.

"ಮೂವತ್ತೇಳು," ಅಂದಳು ಸೋಮಮ್ಮ. "ಎಡಗಡೆ ದೀಪದ ಟೋಪಿ ವಸಿ ಅಳುಸ್ದಂಗಾಗದೆ ಅಂತ ಪಂಚಾಯ್ತಿಯೋರು ಚೀಟಿ ಕೊಟ್ಟವ್ರೆ. ಸರಿಮಾಡ್ಸ್ಕೊಂಡು ಬರ್ದೆ ಇದ್ರೆ ದಂಡವಂತೆ."

ಅವನು ಪ್ರಿಂಟು ತೆಗೆದ. ಟೋಪಿಯ ಒಂದು ದಳ ಮಾಸಿತ್ತು. ಕುಂಚ ಅದ್ದಿ, ಉಸಿರು ಬಿಗಿಹಿಡಿದು ಒಂದು ಗೆರೆ ಎಳೆದ. ಸೋಮಮ್ಮ ಮೇಜಿಗೆ ಬಗ್ಗಿ ಕಣ್ಣು ಕೀಲಿಸಿ ನೋಡಿದಳು.

"ಸೋಮಕ್ಕ, ನಾನು..." ಅಂದ.

"ಈ ಕಡೆದ್ಕೂ ಒಂದು ಎಳ್ದ್‌ಬುಡು. ಎರಡೂ ಒಂದೇ ಸಮ ಇರ್ಲಿ."

ಅವನು ಎಳೆದ. ಅವಳು ಪ್ರಿಂಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ತಲೆಯಾಡಿಸಿದಳು. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಒರೆಸಿಕೊಂಡು, ಬಾಗಿಲಿಗೆ ಬಂದು ಆಕಾಶ ನೋಡಿದಳು.

"ಚೆಂದಾಗ್ ಉರೀತದೆ ಕಣಪ್ಪ," ಅಂದಳು. "ಬತ್ತೀನಿ. ಕತ್ಲಾಗೋಕ್ ಮುಂಚೆ ಊರ್ ಸೇರ್ಕೋಬೇಕು."